ಕನ್ನಡದ ಫೈಲಿಗೆ ‘ಕೆಎ’ ಅಂತ ಯಾಕೆ ಹೆಸರಿಡಬಾರದು?

ಬಳ್ಳಾರಿಯ ಗಾಡಿಗಳಿಗೆ ಕೆಎ 34. ಹೊಸಪೇಟೆಗೆ 35, ರಾಯಚೂರಿಗೆ 36, ಕೊಪ್ಪಳಕ್ಕೆ 37. ದಿನಾ ಈ ‘ಕೆಎ’ ನೋಡುವ ಕಣ್ಣಿಗೆ ಅದು ಕನ್ನಡದ ಗುರುತಾಗಿಯೇ ಕಾಣುತ್ತದೆ. ಹಾಗಾಗಿ ಒಂದು ಆ್ಯಪ್‌ಗೋ ವೆಬ್‌ಸೈಟ್‌ಗೋ ಕನ್ನಡ ಸೇರಿಸಲು ಕೂತ ಹುಡುಗರು ಅನುವಾದದ ಮಾತುಗಳಿರುವ ಫೈಲಿಗೆ ‘ಕೆಎ’ ಅಂತ ಹೆಸರಿಟ್ಟುಬಿಟ್ಟರೆ ಆಶ್ಚರ್ಯವೇನಿಲ್ಲ. ಆದರೆ ಭಾಷೆಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿಯಲ್ಲಿ ಆ ಎರಡಕ್ಷರ ಎಂದೋ ಜಾರ್ಜಿಯನ್ ಭಾಷೆಯ ಪಾಲಾಗಿದೆ. ನಮಗೆ ಸಿಕ್ಕಿರುವುದು ‘ಕೆಎನ್’. ಕನ್ನಡ ವಿಕಿಪೀಡಿಯದ ವಿಳಾಸ ಶುರುವಾಗುವುದೇ ಅದರಿಂದ.

ತಮಾಷೆ ಅಂದರೆ, ತಪ್ಪು ಹೆಸರಿಟ್ಟರೂ ಮೊದಲಿಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ‘ಕೆಎ’ ಫೈಲ್ ತೆರೆ ಅಂತ ನೀವೇ ಹೇಳಿದ್ದೀರಿ, ಪ್ರೋಗ್ರಾಂ ತೆರೆಯುತ್ತದೆ, ಪರದೆ ಮೇಲೆ ಕನ್ನಡ ಬರುತ್ತದೆ. ಕೆಡುವುದು ಆ ಹೆಸರು ನಿಮ್ಮ ಕೋಡ್ ದಾಟಿ ಹೊರಗೆ ಹೋದಾಗ. ಪುಟದ ಭಾಷೆ ‘ಕೆಎ’ ಅಂತ ಬ್ರೌಸರ್‌ಗೆ ಹೋಯಿತು ಅನ್ನಿ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಆ ಗುರುತು ನೋಡಿಕೊಂಡು ಯಾವ ಧ್ವನಿಯಲ್ಲಿ ಓದಬೇಕು ಅಂತ ತೀರ್ಮಾನಿಸುತ್ತದೆ. ಅದು ಜಾರ್ಜಿಯನ್ ಧ್ವನಿ ಹುಡುಕಲು ಹೊರಡುತ್ತದೆ. ಕನ್ನಡಕ್ಕೆಂದು ಬರೆದಿಟ್ಟ ಫಾಂಟ್ ನಿಯಮ ಕೆಲಸ ಮಾಡುವುದೇ ಇಲ್ಲ. ದಿನಾಂಕ ಬರೆದುಕೊಡು ಅಂತ ಬ್ರೌಸರ್‌ಗೆ ಹೇಳಿದರೆ ತಿಂಗಳ ಹೆಸರು ಜಾರ್ಜಿಯನ್ ಲಿಪಿಯಲ್ಲಿ ಬರುತ್ತದೆ. ರಾಯಚೂರಿನ ಗಂಜ್‌ನಲ್ಲಿ ಹತ್ತಿ ಮಾರಿದ ರೈತನ ಚೀಟಿಯಲ್ಲಿ ತೂಕ, ದರ, ಹಮಾಲಿ ಎಲ್ಲ ಕನ್ನಡ; ತಿಂಗಳು ಮಾತ್ರ ಊರಲ್ಲಿ ಯಾರಿಗೂ ಓದಲು ಬಾರದ ಅಕ್ಷರ.

ಈ ಕೋಡುಗಳು ಬರುವುದು ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಬೇರೆ ಬೇರೆ ಪಟ್ಟಿಗಳಿಂದ. ಭಾಷೆಗೆ ಐಎಸ್‌ಒ 639, ದೇಶಕ್ಕೆ ಐಎಸ್‌ಒ 3166, ಲಿಪಿಗೆ ಐಎಸ್‌ಒ 15924. ಇವನ್ನು ಹೇಗೆ ಜೋಡಿಸಬೇಕು ಅಂತ ಹೇಳುವ ನಿಯಮಕ್ಕೆ ಬಿಸಿಪಿ 47 ಅಂತ ಹೆಸರು. ಅದರ ಈಗಿನ ರೂಪ 2009ರಲ್ಲಿ ಇಂಟರ್ನೆಟ್ ನಿಯಮಗಳ ದಾಖಲೆಯಾಗಿ ಬಂದ ಆರ್‌ಎಫ್‌ಸಿ 5646. ಮೊದಲು ಭಾಷೆ, ಬೇಕಿದ್ದರೆ ನಾಲ್ಕಕ್ಷರದ ಲಿಪಿ, ಬೇಕಿದ್ದರೆ ಎರಡಕ್ಷರದ ದೇಶ, ನಡುವೆ ಹೈಫನ್. ಅಂದರೆ ಭಾರತದ ಕನ್ನಡ ‘ಕೆಎನ್-ಐಎನ್’. ಲಿಪಿಯನ್ನೂ ಹೇಳಲೇಬೇಕು ಅಂದರೆ ‘ಕೆಎನ್-ಕೆಎನ್‌ಡಿಎ-ಐಎನ್’. ಆದರೆ ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಹಾಗಾಗಿ ಇಲ್ಲಿ ಲಿಪಿ ಬರೆಯಬೇಡಿ ಅಂತ ಆ ನಿಯಮದ ಅಧಿಕೃತ ನೋಂದಣಿ ಪಟ್ಟಿಯೇ ಹೇಳುತ್ತದೆ.

ಪಟ್ಟಿಗಳು ಬೇರೆ ಬೇರೆ ಆದ್ದರಿಂದ ಅದೇ ಎರಡಕ್ಷರಕ್ಕೆ ಎರಡು ಅರ್ಥ ಬರುವುದು ಮಾಮೂಲಿ. ‘ಕೆಎನ್’ ಭಾಷೆಯ ಜಾಗದಲ್ಲಿದ್ದರೆ ಕನ್ನಡ, ದೇಶದ ಜಾಗದಲ್ಲಿದ್ದರೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್. ‘ಐಎನ್’ ದೇಶವಾದರೆ ಭಾರತ. ಭಾಷೆಯ ಜಾಗಕ್ಕೆ ಬಂದರೆ ಅದು ಇಂಡೋನೇಷ್ಯನ್ ಭಾಷೆಯ ಹಳೆಯ ಕೋಡ್. 1989ರಲ್ಲೇ ಅದನ್ನು ‘ಐಡಿ’ ಅಂತ ಬದಲಾಯಿಸಿದರು, ಆದರೆ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ತನ್ನ 17ನೇ ಆವೃತ್ತಿ ಬರುವವರೆಗೂ ಹಳೆಯದನ್ನೇ ಹಿಡಿದುಕೊಂಡಿತ್ತು. ಆಂಡ್ರಾಯ್ಡ್‌ನಲ್ಲಿ ಇಂಡೋನೇಷ್ಯನ್ ಫೋಲ್ಡರ್‌ಗೆ ಇವತ್ತಿಗೂ ‘ವ್ಯಾಲ್ಯೂಸ್-ಐಎನ್’ ಅನ್ನುವ ಹೆಸರೇ ನಡೆಯುತ್ತದೆ. ಇಂಡಿಯಾ ಅಂದುಕೊಂಡು ನೀವು ಆ ಫೋಲ್ಡರ್‌ನಲ್ಲಿ ಕನ್ನಡ ತುಂಬಿಸಿದರೆ ಅದು ಕಾಣಿಸುವುದು ಜಕಾರ್ತಾದವರ ಫೋನಿನಲ್ಲಿ.

ರಾಜ್ಯದ ಕೋಡುಗಳಂತೂ ಈ ಆಟದಲ್ಲೇ ಇಲ್ಲ. ರಾಯಚೂರಿನಿಂದ ಕೃಷ್ಣಾ ನದಿ ದಾಟಿ ಆ ಕಡೆ ಹೋದರೆ ತೆಲಂಗಾಣ. ಅಲ್ಲಿ ಗಾಡಿ ಸಂಖ್ಯೆಯ ‘ಟಿಎಸ್’ 2024ರ ಮಾರ್ಚ್‌ನಲ್ಲಿ ‘ಟಿಜಿ’ ಆಯಿತು. ಭಾಷೆಗಳ ಪಟ್ಟಿಯಲ್ಲಿ ನೋಡಿದರೆ ಒಂದು ಆಫ್ರಿಕಾದ ಸೋಂಗಾ, ಇನ್ನೊಂದು ತಾಜಿಕ್. ಎರಡೂ ತೆಲುಗು ಅಲ್ಲ. ತೆಲುಗು ‘ಟಿಇ’.

ಇಷ್ಟು ತಿಳಿದರೆ ಕನ್ನಡಕ್ಕೆ ‘ಕೆಎನ್’ ಅನ್ನುವುದು ಖಾತ್ರಿಯಾಯಿತು. ನಿಜವಾದ ವಾದ ಶುರುವಾಗುವುದು ಇಲ್ಲಿಂದ: ಬರೀ ‘ಕೆಎನ್’ ಸಾಕೋ, ‘ಕೆಎನ್-ಐಎನ್’ ಬೇಕೋ?

ಗಂಗಾವತಿ, ಸಿಂಧನೂರಿನ ಅಕ್ಕಿ ಮಿಲ್ಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಬಳ್ಳಾರಿಯ ಒಂದು ಸಣ್ಣ ತಂಡವನ್ನು ಊಹಿಸಿಕೊಳ್ಳಿ. ಕನ್ನಡ ಬೇಕೇ ಬೇಕು. ತುಂಗಭದ್ರಾ ಕಾಲುವೆಯ ಕೆಳಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ, ಹಾಗಾಗಿ ತೆಲುಗು ಬೇಕು. ರಾಯಚೂರು, ಕೊಪ್ಪಳ ಎರಡೂ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರುಗಳು, ಉರ್ದು ಓದುವವರು ಇದ್ದಾರೆ. ಲೆಕ್ಕಪತ್ರದವರಿಗೆ ಇಂಗ್ಲಿಷ್. ಎಲ್ಲ ಗಿರಾಕಿಗಳೂ ಭಾರತದವರೇ. ಆಗ ತಂಡದಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಎಲ್ಲದಕ್ಕೂ ಹಿಂದೆ ‘ಐಎನ್’ ಹಾಕೋಣ, ಒಂದೇ ಅಳತೆಯಲ್ಲಿ ಚೆಂದ ಇರುತ್ತದೆ, ಮುಂದೆ ಯಾವತ್ತಾದರೂ ಬೇಕಾಗಬಹುದು.

ಚೆಂದ ಇರುತ್ತದೆ, ನಿಜ. ಆದರೆ ನನ್ನ ಅಭಿಪ್ರಾಯ ಬೇರೆ. ದೇಶ ಬದಲಾದರೆ ಫೈಲಿನ ಒಳಗಿನ ಮಾತು ಬದಲಾಗುತ್ತದೆಯೇ ಅಂತ ಮೊದಲು ಕೇಳಿಕೊಳ್ಳಬೇಕು. ಬದಲಾಗುವುದಾದರೆ ದೇಶ ಸೇರಿಸಿ, ಇಲ್ಲದಿದ್ದರೆ ಬೇಡ. ಕನ್ನಡಕ್ಕೆ ಎರಡನೇ ದೇಶದ ರೂಪ ಅಂತ ಇಲ್ಲ. ‘ಉಳಿಸಿ’ ಅನ್ನುವ ಬಟನ್ ಬಳ್ಳಾರಿಯಲ್ಲೂ ದುಬೈನಲ್ಲೂ ‘ಉಳಿಸಿ’ಯೇ.

ಇದು ಬರೀ ಅಂದಚೆಂದದ ಮಾತಲ್ಲ. ಫೋನು ಕೇಳುವ ಭಾಷೆ ಸಿಗದಿದ್ದಾಗ ಏನು ಮಾಡಬೇಕು ಅನ್ನುವುದಕ್ಕೂ ಒಂದು ನಿಯಮವಿದೆ, ಆರ್‌ಎಫ್‌ಸಿ 4647ರಲ್ಲಿ. ಬಾಲದಿಂದ ಒಂದೊಂದೇ ತುಂಡು ಕತ್ತರಿಸುತ್ತಾ ಬಾ ಅನ್ನುತ್ತದೆ ಅದು. ‘ಕೆಎನ್-ಐಎನ್’ ಇಲ್ಲವೇ? ‘ಕೆಎನ್’ ಹುಡುಕು. ಅದೂ ಇಲ್ಲವೇ? ಏನೂ ಸಿಗದಾಗ ತೋರಿಸಲೆಂದು ಇಟ್ಟ, ಸಾಮಾನ್ಯವಾಗಿ ಇಂಗ್ಲಿಷಿನ, ಮೂಲ ಫೈಲಿಗೆ ಹೋಗು. ಗಮನಿಸಿ, ಕತ್ತರಿಸುವುದು ಮಾತ್ರ ಇದೆ, ಹೊಸದಾಗಿ ಅಂಟಿಸುವುದು ಇಲ್ಲ. ಈಗ ಮಿಲ್ ಮಾಲೀಕರ ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಂದಲೇ ಲೆಕ್ಕ ನೋಡುತ್ತಾನೆ. ಐಫೋನ್‌ನಲ್ಲಿ ಭಾಷೆ ಕನ್ನಡ, ಪ್ರದೇಶ ಅಮೆರಿಕ ಅಂತ ಇಟ್ಟುಕೊಂಡಿದ್ದಾನೆ. ಫೋನ್ ಕೇಳುವುದು ‘ಕೆಎನ್-ಯುಎಸ್’. ನಿಮ್ಮ ಹತ್ತಿರ ‘ಕೆಎನ್’ ಇದ್ದರೆ ಬಾಲ ಕತ್ತರಿಸಿದ ಕೂಡಲೇ ಸಿಗುತ್ತದೆ. ಬರೀ ‘ಕೆಎನ್-ಐಎನ್’ ಇದ್ದರೆ, ಈ ನಿಯಮವನ್ನು ಅಕ್ಷರಶಃ ಪಾಲಿಸುವ ಪ್ರೋಗ್ರಾಂಗೆ ಅದು ಕಾಣುವುದೇ ಇಲ್ಲ. ಕನ್ನಡ ಕೇಳಿದವನಿಗೆ ಇಂಗ್ಲಿಷ್ ತೋರಿಸುತ್ತದೆ. ಆಂಡ್ರಾಯ್ಡ್ 7ರ ನಂತರ ಗೂಗಲ್ ಈ ಹುಡುಕಾಟವನ್ನು ಸುಧಾರಿಸಿದೆ, ಆದರೆ ಎಲ್ಲ ಲೈಬ್ರರಿಗಳೂ ಅಷ್ಟು ಜಾಣ ಅಲ್ಲ.

ಜಾವಾದಲ್ಲಿ ಇನ್ನೊಂದು ಕಿತಾಪತಿ ಇದೆ. ಕೇಳಿದ ಭಾಷೆಯ ಫೈಲ್ ಸಿಗದಿದ್ದರೆ ಅದು ನೇರವಾಗಿ ಮೂಲ ಫೈಲಿಗೆ ಹೋಗುವುದಿಲ್ಲ. ನಡುವೆ ಸರ್ವರ್‌ನ ಸ್ವಂತ ಭಾಷೆ ಯಾವುದು ಅಂತ ನೋಡಿ, ಆ ಫೈಲ್ ಇದ್ದರೆ ಅದನ್ನು ಕೊಟ್ಟುಬಿಡುತ್ತದೆ. ಸರ್ವರ್ ಅನ್ನು ಯಾರೋ ಹಿಂದಿಯಲ್ಲಿ ಸೆಟ್ ಮಾಡಿಟ್ಟಿದ್ದರೆ, ಕನ್ನಡ ಕೇಳಿದ ಕೊಪ್ಪಳದ ಅಡತ್ ಅಂಗಡಿಯವರಿಗೆ ಹಿಂದಿ ಬಿಲ್ ಬರುತ್ತದೆ. ಹಿಂದಿ ಹೇರಿಕೆ ಅಂತ ಜಗಳಕ್ಕೆ ನಿಲ್ಲುವ ಮೊದಲು ಫೈಲಿನ ಹೆಸರು ನೋಡಿಕೊಳ್ಳುವುದು ಒಳ್ಳೆಯದು.

ದೊಡ್ಡವರೂ ಇದರಲ್ಲಿ ಒಂದೇ ದಾರಿ ಹಿಡಿದಿಲ್ಲ. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಕನ್ನಡ ‘ಕೆಎನ್’, ತೆಲುಗು ‘ಟಿಇ’, ಆದರೆ ಹಿಂದಿ ‘ಎಚ್‌ಐ-ಐಎನ್’, ಗುಜರಾತಿ ‘ಜಿಯು-ಐಎನ್’. ಬಂಗಾಳಿಗೆ ಅಲ್ಲಿ ಭಾರತದ್ದು ಒಂದು, ಬಾಂಗ್ಲಾದೇಶದ್ದು ಒಂದು ಅಂತ ಎರಡು ಇದ್ದವು. 2019ರಲ್ಲಿ ಎರಡನ್ನೂ ಸೇರಿಸಿ ಬರೀ ‘ಬಿಎನ್’ ಮಾಡಿದರು. ಬಂಗಾಳಿಯಂಥ ಎರಡು ದೇಶದ ಭಾಷೆಗೇ ಒಂದು ಫೈಲ್ ಸಾಕಾದರೆ, ಒಂದೇ ದೇಶದ ಕನ್ನಡಕ್ಕೆ ದೇಶದ ಬಾಲ ಯಾಕೆ?

ಹಾಗಂತ ಎಲ್ಲದರಿಂದಲೂ ‘ಐಎನ್’ ಕಿತ್ತು ಬಿಸಾಡುವುದೂ ತಪ್ಪು. ಇಂಗ್ಲಿಷ್‌ಗೆ ಅದು ಬೇಕು. ಯಾಕೆಂದರೆ ಬರೀ ‘ಇಎನ್’ ಅಂದರೆ ಯೂನಿಕೋಡ್‌ನವರ ಸಿಎಲ್‌ಡಿಆರ್ ದತ್ತಾಂಶದ ಪ್ರಕಾರ ಅಮೆರಿಕದ ಇಂಗ್ಲಿಷ್. ಬ್ರೌಸರ್, ಫೋನ್ ಎಲ್ಲವೂ ದಿನಾಂಕ, ಅಂಕಿ ಬರೆಯುವ ರೀತಿಯನ್ನು ಎತ್ತಿಕೊಳ್ಳುವುದು ಅಲ್ಲಿಂದಲೇ. ಏಪ್ರಿಲ್ 3ನೇ ತಾರೀಖು ಅಮೆರಿಕದ ಲೆಕ್ಕದಲ್ಲಿ 4/3, ನಮ್ಮಲ್ಲಿ 3/4. ಮಿಲ್ಲಿನವರಿಗೆ ಇದು ಸುಮ್ನೆ ಬಿಡುವಂಥ ವಿಷಯ ಅಲ್ಲ. ಮಾರ್ಚ್ 4 ಹೋದ ಆರ್ಥಿಕ ವರ್ಷ, ಏಪ್ರಿಲ್ 3 ಈ ಆರ್ಥಿಕ ವರ್ಷ. ಬಿಲ್ ಯಾವ ವರ್ಷದ ಪುಸ್ತಕಕ್ಕೆ ಹೋಗಬೇಕು ಅನ್ನುವುದೇ ಅದಲುಬದಲಾಗುತ್ತದೆ. ಹಣದ್ದೂ ಅದೇ ಕಥೆ. ‘ಇಎನ್-ಐಎನ್’ ಕೊಟ್ಟರೆ 1,25,000. ಬರೀ ‘ಇಎನ್’ ಕೊಟ್ಟರೆ 125,000. ನಮ್ಮ ಕಡೆ ಗುಮಾಸ್ತರು ಅಲ್ಪವಿರಾಮ ನೋಡಿಯೇ ಲಕ್ಷ ಓದುತ್ತಾರೆ. ಅಲ್ಪವಿರಾಮದ ಜಾಗ ತಪ್ಪಿದರೆ ಬೆರಳಿಟ್ಟು ಎಣಿಸುತ್ತಾ ಕೂರಬೇಕಾಗುತ್ತದೆ.

ಉರ್ದುವಿನ ವಿಷಯ ಇನ್ನೂ ಸೂಕ್ಷ್ಮ. ಬರೀ ‘ಯುಆರ್’ ಅಂತ ಬಿಟ್ಟರೆ ಸಿಎಲ್‌ಡಿಆರ್ ಅದನ್ನು ಪಾಕಿಸ್ತಾನದ ಉರ್ದು ಅಂತಲೇ ಹಿಡಿಯುತ್ತದೆ. ಅಲ್ಲಿ ರಾಷ್ಟ್ರಭಾಷೆ ಅದು, ಆ ಊಹೆ ತಪ್ಪಲ್ಲ. ಆದರೆ ರಾಯಚೂರಿನ ಗಿರಾಕಿಗೆ ಅದು ಹೊಂದುವುದಿಲ್ಲ. ಭಾಷೆಯ ಕೋಡ್‌ನಿಂದ ದೇಶ, ದೇಶದಿಂದ ನಾಣ್ಯ ಅಂತ ಯಾರಾದರೂ ಕೋಡ್ ಬರೆದಿದ್ದರೆ ಬಿಲ್ಲಿನ ಮೇಲೆ ಪಾಕಿಸ್ತಾನಿ ರೂಪಾಯಿಯ ಗುರುತು ಬಂದು ಕೂರುತ್ತದೆ. ಹಾಗಾಗಿ ಇಲ್ಲಿ ‘ಯುಆರ್-ಐಎನ್’ ಇರಲಿ ಅನ್ನುತ್ತೇನೆ. ಆದರೆ ಅಲ್ಲೂ ಒಂದು ತೊಡಕಿದೆ. ‘ಯುಆರ್-ಐಎನ್’ ಕೊಟ್ಟಾಗ ಸಿಎಲ್‌ಡಿಆರ್ ಅಂಕಿಗಳನ್ನು ಉರ್ದು ಅಂಕಿಗಳಲ್ಲೇ ಬರೆದುಕೊಡುತ್ತದೆ. ಪಾಕಿಸ್ತಾನದ ಉರ್ದುವಿಗೆ 1, 2, 3 ಅನ್ನುವ ಅಂಕಿಗಳು, ಭಾರತದ ಉರ್ದುವಿಗೆ ಉರ್ದು ಅಂಕಿಗಳು. ಉಲ್ಟಾ ಅನ್ನಿಸುತ್ತದೆ, ಅಲ್ವಾ? ಲೆಕ್ಕದ ಚೀಟಿಯಲ್ಲಿ ಗುಮಾಸ್ತರಿಗೂ ಲಾರಿ ಡ್ರೈವರ್‌ಗೂ ಮಾಮೂಲಿ ಅಂಕಿಗಳೇ ಬೇಕು. ಅದಕ್ಕೆ ಅಂಕಿ ಬರೆಸುವ ಜಾಗದಲ್ಲಿ ಮಾತ್ರ ‘ಯು-ಎನ್‌ಯು-ಎಲ್‌ಎಟಿಎನ್’ ಅನ್ನುವ ಬಾಲ ಹಚ್ಚಬಹುದು. ಕನ್ನಡಕ್ಕೆ ಇದರ ಉಲ್ಟಾ. ತಾನಾಗಿ ಬರುವುದು 1, 2, 3. ಕನ್ನಡ ಅಂಕಿ ಬೇಕಾದವರು ‘ಯು-ಎನ್‌ಯು-ಕೆಎನ್‌ಡಿಎ’ ಅಂತ ಕೇಳಬೇಕು. ಈ ಬಾಲಗಳನ್ನು ಫೈಲಿನ ಹೆಸರಿಗೆ ತರಬೇಡಿ. ಅನುವಾದದ ಮಾತು ಬೇರೆ, ಅಂಕಿಯ ರೂಪ ಬೇರೆ.

ನಾಣ್ಯ, ಜಿಎಸ್‌ಟಿ ದರ, ತೂಕದ ಅಳತೆ ಇವೂ ಅಷ್ಟೇ. ಇವು ಅಂಗಡಿ ಇರುವ ದೇಶದ ವಿಷಯ, ಓದುವವರ ಭಾಷೆಯ ವಿಷಯ ಅಲ್ಲ. ಇವನ್ನು ಬೇರೆ ಫೈಲಿನಲ್ಲಿಟ್ಟರೆ ಉರ್ದು ಆರಿಸಿದವರಿಗೂ ತೆಲುಗು ಆರಿಸಿದವರಿಗೂ ಅದೇ ರೂಪಾಯಿ, ಅದೇ ಕ್ವಿಂಟಲ್. ದೇಶವನ್ನು ಮುಂದಿಟ್ಟು, ಅದರೊಳಗೆ ಭಾಷೆ ಇಡುವ ಫೋಲ್ಡರ್ ಪದ್ಧತಿ ಕೆಲವರಿಗೆ ಇಷ್ಟ. ಹತ್ತು ದೇಶದಲ್ಲಿ ಮಾರುವ ಅಂಗಡಿಗೆ ಅದು ಸರಿ ಇರಬಹುದು. ನಮಗೆ ಅದು ದಂಡ.

ಈಗ ಲಂಬಾಣಿಗೆ ಬರೋಣ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ತಾಂಡಾಗಳಿವೆ. ಆರೋಗ್ಯದ ಮಾಹಿತಿಯನ್ನೋ ಶಾಲೆಯ ಪಾಠವನ್ನೋ ಅವರ ಭಾಷೆಯಲ್ಲಿ ಕೊಡಬೇಕು ಅಂತ ಹೊರಟವರಿಗೆ ಮೊದಲು ಎದುರಾಗುವುದು, ಆ ಭಾಷೆಗೆ ಎರಡಕ್ಷರದ ಕೋಡೇ ಇಲ್ಲ ಅನ್ನುವುದು. ತುಳುವಿಗೂ ಇಲ್ಲ. ಐಎಸ್‌ಒ 639-3ರ ಮೂರಕ್ಷರದ ಪಟ್ಟಿಯಲ್ಲಿ ತುಳು ‘ಟಿಸಿವೈ’, ಲಂಬಾಣಿ ‘ಎಲ್‌ಎಂಎನ್’. ಭಾಷೆಯ ಕೋಡ್ ಎರಡೇ ಅಕ್ಷರ ಅಂತ ಲೆಕ್ಕ ಹಾಕಿ, ಡೇಟಾಬೇಸ್‌ನಲ್ಲಿ ಎರಡೇ ಅಕ್ಷರದ ಜಾಗ ಬಿಟ್ಟವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂರಕ್ಷರದ್ದೇ ಎಲ್ಲದಕ್ಕೂ ಬಳಸಿದರೆ ಆಗದೇ ಅಂದರೆ, ಕನ್ನಡಕ್ಕೂ ‘ಕೆಎಎನ್’ ಅನ್ನುವುದು ಇದೆ ನಿಜ, ಆದರೆ ಎರಡಕ್ಷರದ್ದು ಇರುವಾಗ ಅದನ್ನೇ ಬಳಸಬೇಕು ಅನ್ನುತ್ತದೆ ಬಿಸಿಪಿ 47.

ಎರಡನೆಯ ತೊಡಕು ಲಿಪಿ. ಲಂಬಾಣಿಗೆ ಸ್ವಂತ ಲಿಪಿ ಇಲ್ಲ. ಇರುವ ರಾಜ್ಯಕ್ಕೆ ತಕ್ಕಂತೆ ಕನ್ನಡದಲ್ಲಿ, ತೆಲುಗಿನಲ್ಲಿ, ದೇವನಾಗರಿಯಲ್ಲಿ ಬರೆಯುತ್ತಾರೆ. ಬರೀ ‘ಎಲ್‌ಎಂಎನ್’ ಅಂದರೆ ಸಿಎಲ್‌ಡಿಆರ್ ಊಹಿಸುವುದು ತೆಲುಗು ಲಿಪಿಯನ್ನು. ಸಂಡೂರಿನ ತಾಂಡಾದ ಹುಡುಗಿಗೆ ಬೇಕಿರುವುದು ಕನ್ನಡ ಲಿಪಿ. ಇಲ್ಲಿ ದೇಶ ಬರೆದು ಏನೂ ಉಪಯೋಗವಿಲ್ಲ, ಎಲ್ಲ ಕಡೆಯೂ ಅದು ಭಾರತವೇ. ಲಿಪಿ ಬರೆಯಬೇಕು: ‘ಎಲ್‌ಎಂಎನ್-ಕೆಎನ್‌ಡಿಎ’. ನಾಳೆ ಯಾರಾದರೂ ಅದೇ ಪಾಠವನ್ನು ತೆಲಂಗಾಣದ ತಾಂಡಾಗೆ ಒಯ್ದರೆ ‘ಎಲ್‌ಎಂಎನ್-ಟಿಇಎಲ್‌ಯು’ ಅಂತ ಪಕ್ಕದಲ್ಲೇ ಇನ್ನೊಂದು ಫೈಲ್ ಕೂರುತ್ತದೆ. ಆದರೆ ಬಾಲ ಕತ್ತರಿಸುವ ನಿಯಮ ಇಲ್ಲಿ ಕೈಕೊಡುತ್ತದೆ. ಲಿಪಿ ಕತ್ತರಿಸಿ ಬರೀ ‘ಎಲ್‌ಎಂಎನ್’ಗೆ ಹೋದರೆ ಓದಲು ಬಾರದ ಲಿಪಿ ಎದುರಾಗಬಹುದು. ಈ ಜಾಗದಲ್ಲಿ ಮಾತ್ರ, ಸಿಗದಿದ್ದರೆ ಸೀದಾ ಕನ್ನಡಕ್ಕೆ ಹೋಗು ಅಂತ ನಾವೇ ಕೋಡ್‌ನಲ್ಲಿ ಹೇಳಬೇಕು.

ಹೀಗೆ ನಮ್ಮ ಬಳ್ಳಾರಿಯ ತಂಡದ ಫೋಲ್ಡರ್‌ನಲ್ಲಿ ಕೊನೆಗೆ ಉಳಿಯುವ ಹೆಸರುಗಳು: ‘ಕೆಎನ್’, ‘ಟಿಇ’, ‘ಇಎನ್-ಐಎನ್’, ‘ಯುಆರ್-ಐಎನ್’, ಬೇಕಾದಾಗ ‘ಎಲ್‌ಎಂಎನ್-ಕೆಎನ್‌ಡಿಎ’. ಒಂದು ಗಿಡ್ಡ, ಒಂದು ಉದ್ದ. ಒಂದೇ ಅಳತೆ ಬೇಕು ಅನ್ನುವವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ಚುಚ್ಚಲಿ ಬಿಡಿ. ಹೆಸರಿನ ಪ್ರತಿ ತುಂಡಿಗೂ ಒಂದು ಕಾರಣ ಇದೆ.

ಇನ್ನು ಹೈಫನ್ನೋ ಅಂಡರ್‌ಸ್ಕೋರೋ ಅನ್ನುವ ಜಗಳ. ಬಿಸಿಪಿ 47 ಹೈಫನ್ ಅನ್ನುತ್ತದೆ, ವೆಬ್ಬಿನಲ್ಲಿ ಅದೇ ನಡೆಯುತ್ತದೆ. ಲಿನಕ್ಸ್ ಪರಂಪರೆ ಅಂಡರ್‌ಸ್ಕೋರ್ ಬಳಸುತ್ತದೆ, ಹಿಂದೆ ‘ಯುಟಿಎಫ್-8’ ಅಂತ ಬೇರೆ ಅಂಟಿಸುತ್ತದೆ. ಜಾವಾದ ಫೈಲುಗಳಿಗೂ ಅಂಡರ್‌ಸ್ಕೋರ್. ಆಂಡ್ರಾಯ್ಡ್ ದೇಶದ ಕೋಡಿನ ಮೊದಲಿಗೆ ‘ಆರ್’ ಅನ್ನುವ ಅಕ್ಷರ ಸೇರಿಸಿ ‘ವ್ಯಾಲ್ಯೂಸ್-ಇಎನ್-ಆರ್‌ಐಎನ್’ ಅನ್ನುತ್ತದೆ. ಆ್ಯಪಲ್‌ನಲ್ಲಿ ಭಾಷೆಯ ಹೆಸರಿನ ‘ಎಲ್‌ಪ್ರೊಜ್’ ಫೋಲ್ಡರ್. ಹಳೆಯ ವಿಂಡೋಸ್ ಇನ್‌ಸ್ಟಾಲರ್‌ಗಳಿಗೆ ಕನ್ನಡ ಅಂದರೆ 1099 ಅನ್ನುವ ಸಂಖ್ಯೆ. ಹಳೆಯ ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಓದಿಸಲು ಟೆಸೆರಾಕ್ಟ್ ಬಳಸಿದರೆ ಅದಕ್ಕೆ ಮೂರಕ್ಷರದ ‘ಕೆಎಎನ್’ ಬೇಕು. ಎಲ್ಲರನ್ನೂ ಒಂದೇ ಹೆಸರಿಗೆ ಒಪ್ಪಿಸಲು ಆಗುವುದಿಲ್ಲ, ಆ ಹಟ ಬೇಡ. ನಿಮ್ಮ ಕೋಡ್‌ನ ಒಳಗೆ, ಡೇಟಾಬೇಸ್‌ನಲ್ಲಿ ಬಿಸಿಪಿ 47 ರೂಪ ಒಂದೇ ಇರಲಿ. ಹೊರಗಿನ ಯಾವುದಕ್ಕಾದರೂ ಕೊಡುವ ಬಾಗಿಲಲ್ಲಿ, ಒಂದೇ ಒಂದು ಪಟ್ಟಿ ಇಟ್ಟುಕೊಂಡು ಅವರವರ ರೂಪಕ್ಕೆ ತಿರುಗಿಸಿ. ಅಂಡರ್‌ಸ್ಕೋರ್ ಇದ್ದರೆ ಹೈಫನ್ ಮಾಡುವ ಸಾಲು ಕೋಡ್‌ನ ಹತ್ತು ಕಡೆ ಚೆಲ್ಲಾಪಿಲ್ಲಿಯಾಗಿ ಕಂಡರೆ ಆ ಪಟ್ಟಿ ಇಲ್ಲ ಅಂತಲೇ ಅರ್ಥ.

ಕ್ಯಾಪಿಟಲ್, ಸ್ಮಾಲ್ ಲೆಟರ್ ಬಗ್ಗೆ ಬಿಸಿಪಿ 47 ತಲೆ ಕೆಡಿಸಿಕೊಳ್ಳುವುದಿಲ್ಲ, ಹೇಗೆ ಬರೆದರೂ ಒಂದೇ ಅನ್ನುತ್ತದೆ. ರೂಢಿ ಮಾತ್ರ ಹೀಗಿದೆ: ಭಾಷೆ ಪೂರ್ತಿ ಸ್ಮಾಲ್, ದೇಶ ಪೂರ್ತಿ ಕ್ಯಾಪಿಟಲ್, ಲಿಪಿಯ ಮೊದಲಕ್ಷರ ಕ್ಯಾಪಿಟಲ್. ಆದರೆ ಫೈಲ್ ಸಿಸ್ಟಂ ತಲೆ ಕೆಡಿಸಿಕೊಳ್ಳುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎರಡೂ ಒಂದೇ ಫೈಲ್, ಲಿನಕ್ಸ್ ಸರ್ವರ್‌ನಲ್ಲಿ ಎರಡು ಬೇರೆ ಬೇರೆ. ಆಫೀಸಿನಲ್ಲಿ ಚೆನ್ನಾಗಿ ಓಡಿದ್ದು ಸರ್ವರ್‌ಗೆ ಹಾಕಿದ ಕೂಡಲೇ ಇಂಗ್ಲಿಷ್‌ಗೆ ಬಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಸರಿಪಡಿಸುವಾಗಲೂ ಹುಷಾರು. ಕ್ಯಾಪಿಟಲ್-ಸ್ಮಾಲ್ ಮಾತ್ರ ಬದಲಾಯಿಸಿದರೆ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ವಿಂಡೋಸ್‌ನಲ್ಲಿ ಅದನ್ನು ಬದಲಾವಣೆ ಅಂತ ಗಮನಿಸದೇ ಹೋಗಬಹುದು. ಮೊದಲು ಬೇರೆಯೇ ಒಂದು ಹೆಸರಿಟ್ಟು, ಆಮೇಲೆ ಸರಿಯಾದ ಹೆಸರಿಗೆ ತನ್ನಿ.

ನಮ್ಮ ಕಡೆಯ ಮಾತಿನಲ್ಲೇ ಒಂದು ಫೈಲ್ ಬೇಕು ಅನ್ನುವ ಆಸೆ ಕೆಲವರಿಗೆ ಇರುತ್ತದೆ, ‘ಹಣ’ದ ಜಾಗದಲ್ಲಿ ‘ರೊಕ್ಕ’ ಅಂತ. ಮಾಡಬಹುದು. ಬಿಸಿಪಿ 47ರಲ್ಲಿ ‘ಎಕ್ಸ್’ ಅಕ್ಷರದ ನಂತರ ಎಂಟಕ್ಷರ ಮೀರದ ಸ್ವಂತ ಹೆಸರು ಹಾಕಿಕೊಳ್ಳಲು ಜಾಗ ಇದೆ: ‘ಕೆಎನ್-ಎಕ್ಸ್-ಬಳ್ಳಾರಿ’. ಇಂಗ್ಲಿಷ್‌ನಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಎಂಟಕ್ಷರದೊಳಗೇ ಮುಗಿಯುತ್ತವೆ. ಬದಲಾಗುವ ಸಾಲುಗಳನ್ನು ಮಾತ್ರ ಅದರಲ್ಲಿ ಬರೆದರೆ ಸಾಕು. ಉಳಿದದ್ದು ಬಾಲ ಕತ್ತರಿಸಿದಾಗ ‘ಕೆಎನ್’ನಿಂದ ಬರುತ್ತದೆ.

ಈಗಾಗಲೇ ತಪ್ಪು ಹೆಸರಿಟ್ಟು ಗಿರಾಕಿಗಳಿಗೆ ಕೊಟ್ಟಾಗಿದ್ದರೆ, ಫೈಲಿನ ಹೆಸರು ಬದಲಾಯಿಸುವುದು ಸಣ್ಣ ಕೆಲಸ. ಆ ಹಳೆಯ ಹೆಸರು ಡೇಟಾಬೇಸ್‌ನಲ್ಲಿ, ಪುಟದ ವಿಳಾಸದಲ್ಲಿ, ಗಿರಾಕಿಯ ಫೋನಿನಲ್ಲಿ ಉಳಿದಿರುತ್ತದೆ. ಮಿಲ್ಲಿನ ಕಂಪ್ಯೂಟರ್‌ಗಳನ್ನು ಸುಗ್ಗಿಯ ನಡುವೆ ಯಾರೂ ಅಪ್‌ಡೇಟ್ ಮಾಡುವುದಿಲ್ಲ. ಹಾಗಾಗಿ ಓದುವಾಗ ಹಳೆಯದು, ಹೊಸದು ಎರಡನ್ನೂ ಒಪ್ಪಿ, ಬರೆಯುವಾಗ ಹೊಸದನ್ನೇ ಬರೆಯಿರಿ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿ. ಸರ್ವರ್‌ನ ಲಾಗ್‌ನಲ್ಲಿ ಹಳೆಯ ಹೆಸರು ಕಾಣುವುದು ನಿಂತ ಮೇಲೆ ಅದನ್ನು ಒಪ್ಪುವ ಸಾಲನ್ನು ಅಳಿಸಬಹುದು.